ದಿಗ್ಗೇವಾಡಿ ಗಿರಣಿಯ ಅರ್ಧ ಓಮ್

ಕರೆಂಟಿನ ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ನನ್ನನ್ನು ಹುಡುಕಿಕೊಂಡು ಬಂದರೆ ಮೊದಲು ಕೇಳುವುದು ಬಡ್ತಿಯ ವಿಷಯ. ಅದನ್ನು ನನ್ನ ಹತ್ತಿರ ಕೇಳಬೇಡಿ. ನನಗೆ ಬಡ್ತಿ ಬಂದ ದಿನ ನಮ್ಮ ಮನೆಯಲ್ಲೇ ಕರೆಂಟಿರಲಿಲ್ಲ. ನಮ್ಮ ಯಜಮಾನರು ಅಭಿನಂದನೆ ಹೇಳುವುದು ಬಿಟ್ಟು, ನಿಮ್ಮ ಕಚೇರಿಗೆ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ ಎಂದು ನನ್ನನ್ನೇ ಬೈದರು. ಬಡ್ತಿಯ ಕಥೆ ಅಲ್ಲಿಗೆ ಮುಗಿಯಿತು.

ನಾನು ಚಿಕ್ಕೋಡಿಯಲ್ಲಿ ಶುರು ಮಾಡಿ, ನಿಪ್ಪಾಣಿ, ಕಾಗವಾಡ, ಅಥಣಿ ಸುತ್ತಿ, ಕುಡಚಿಯ ಸೆಕ್ಷನ್ ಆಫೀಸಿಗೆ ಬಂದವಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೀಟರಿನ ಪೆಟ್ಟಿಗೆಯನ್ನು ಮೊಪೆಡ್ಡಿನ ಮುಂದಿಟ್ಟುಕೊಂಡು ಕಬ್ಬಿನ ಗಾಡಿಗಳ ನಡುವೆ ನುಗ್ಗುತ್ತಿದ್ದೆ. ಜನ ನನ್ನ ಹೆಸರು ಕೇಳುವ ಗೋಜಿಗೇ ಹೋಗಲಿಲ್ಲ. ಶಾಲೆಯಲ್ಲಿ ಕಲಿಸುವವರು ಸಾಲಿ ಬಾಯಾರು, ನಾನು ಕರೆಂಟ್ ಬಾಯಾರು. ನಿವೃತ್ತಿಯಾದ ಮೇಲೂ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹಾಗೆ ಕೂಗಿದರೆ ತಿರುಗಿ ನೋಡುತ್ತೇನೆ, ಮತ್ತೆಲ್ಲಿ ಫ್ಯೂಸ್ ಹೋಯಿತೋ ಎಂದು.

ನಮ್ಮ ವಿದ್ಯೆ ಏನು ಮಹಾ ದೊಡ್ಡದಲ್ಲ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ದಾರಿಯಲ್ಲಿ ಎಷ್ಟು ಅಡ್ಡಿ ಇದೆ ಎಂಬ ಲೆಕ್ಕ. ಎರಡನ್ನೂ ಗುಣಿಸಿದರೆ ಪವರ್, ಅಂದರೆ ಅಲ್ಲಿ ಎಷ್ಟು ಕೆಲಸ ನಡೆಯುತ್ತಿದೆ, ಇಲ್ಲವೇ ಎಷ್ಟು ಬಿಸಿ ಹುಟ್ಟುತ್ತಿದೆ ಎಂಬ ಲೆಕ್ಕ. ಇದು ನಿಮಗೆಲ್ಲ ಬಾಯಿಪಾಠ. ಆದರೆ ನಮ್ಮ ಜನರ ರೋಗ ಏನೆಂದರೆ, ಮೀಟರು ಹಿಡಿಯುವ ಮೊದಲೇ ಬಾಯಿ ತೆರೆಯುವುದು. ನಮ್ಮ ದೊಡ್ಡ ಸಾಹೇಬರೊಬ್ಬರಿದ್ದರು, ರಾಯಬಾಗದಲ್ಲಿ ಕೂಡುತ್ತಿದ್ದರು. ಎಲ್ಲಾ ರೋಗಕ್ಕೂ ಅವರದು ಒಂದೇ ಕಷಾಯ. ಬಲ್ಬು ಮಿಣುಕುತ್ತದೆ ಎಂದರೂ, ಮೋಟಾರು ತಿರುಗುವುದಿಲ್ಲ ಎಂದರೂ, ಕಂಬಕ್ಕೆ ಲಾರಿ ಗುದ್ದಿದೆ ಎಂದರೂ, ಅವರು ಫೋನಿನಲ್ಲಿ ಹೇಳುತ್ತಿದ್ದದ್ದು, ‘ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಹಾಕಿಸಿ.’ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಆ ಗುಂಡಿಗಳು ಬೇಸಿಗೆಯಲ್ಲಿ ಒಣಗುತ್ತವೆ, ನೀರು ಬೇಕು ನಿಜ. ಅದಕ್ಕೇ ವರ್ಷದಲ್ಲಿ ಎರಡು ತಿಂಗಳು ಅವರ ಮಾತು ಸರಿಯಾಗಿರುತ್ತಿತ್ತು, ಆ ಎರಡು ತಿಂಗಳ ಹೆಸರಿನ ಮೇಲೆ ಇಡೀ ವರ್ಷ ನಡೆಸುತ್ತಿದ್ದರು.

ಚಿಕ್ಕೋಡಿಯಲ್ಲಿ ಒಬ್ಬ ಹಳೆಯ ಪೈಲ್ವಾನರು ಕಚೇರಿಗೆ ಬಂದು, ಕರೆಂಟು ತೆಳ್ಳಗಾಗಿದೆ, ಸ್ನಾನದ ನೀರು ಕಾಯುತ್ತಿಲ್ಲ ಎಂದು ದೂರಿದರು. ಹೋಗಿ ನೋಡಿದರೆ ಮನೆಗೆ ಬರಬೇಕಾದ ಇನ್ನೂರ ಮೂವತ್ತು ವೋಲ್ಟಿನಲ್ಲಿ ನೂರ ಅರವತ್ತು ಮಾತ್ರ ಬರುತ್ತಿತ್ತು. ನೀರು ಕಾಯಿಸುವ ಸಾವಿರ ವಾಟಿನ ಕಾಯಿಲ್ಲಿನ ರೆಸಿಸ್ಟೆನ್ಸ್ ಸುಮಾರು ಐವತ್ತಮೂರು ಓಮ್. ನೂರ ಅರವತ್ತನ್ನು ಅದರಿಂದ ಭಾಗಿಸಿದರೆ ಮೂರು ಆಂಪಿಯರ್. ಮೂರನ್ನು ನೂರ ಅರವತ್ತರಿಂದ ಗುಣಿಸಿದರೆ ನಾನೂರ ಎಂಬತ್ತು ವಾಟು. ವೋಲ್ಟೇಜು ಮೂರನೇ ಒಂದು ಪಾಲು ಇಳಿದರೆ ಬಿಸಿ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ, ಏಕೆಂದರೆ ವೋಲ್ಟೇಜಿನ ಜೊತೆ ಕರೆಂಟೂ ಇಳಿಯುತ್ತದೆ. ಇದನ್ನು ಬಿಡಿಸಿ ಹೇಳಿದೆ. ಪೈಲ್ವಾನರು ತಲೆಯಾಡಿಸಿ, ಹಾಗಾದರೆ ಉಳಿದರ್ಧ ಎಲ್ಲಿ ಹೋಯಿತು ಎಂದು ಕೇಳಿದರು. ಎಲ್ಲೂ ಹೋಗಿಲ್ಲ, ಹುಟ್ಟಲೇ ಇಲ್ಲ ಎಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಪಕ್ಕದ ಮನೆಯವರು ಆಗತಾನೇ ಮಿಕ್ಸರ್ ತಂದಿದ್ದರು, ಇವರ ಅರ್ಧ ಸ್ನಾನ ಅದರೊಳಗೆ ಹೋಗಿದೆ ಎಂದು ಕೊನೆತನಕ ನಂಬಿದ್ದರು. ಲೈನು ಸರಿಮಾಡಿಸಿದ ಮೇಲೂ ಆ ಮನೆಯವರ ಜೊತೆ ಮಾತು ಬಿಟ್ಟೇ ಇದ್ದರು.

ಇರಲಿ, ನಿಮಗೆ ಹೇಳಬೇಕಾದದ್ದು ಕುಡಚಿಯ ದಸ್ತಗೀರ ಮಿಸ್ತ್ರಿಯ ಸಂಗತಿ.

ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿ ದಸ್ತಗೀರ ಮಿಸ್ತ್ರಿಯವರ ವೈಂಡಿಂಗ್ ಅಂಗಡಿ ಇತ್ತು. ಸುಟ್ಟ ಮೋಟಾರಿನ ಹಳೆ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಅವರ ಕಸುಬು, ಅವರ ತಂದೆಯದೂ ಅದೇ. ಕೃಷ್ಣಾ ದಂಡೆಯ ಪಂಪ್‌ಸೆಟ್ಟುಗಳಲ್ಲಿ ಬಹಳಷ್ಟು ಅವರ ಕೈಯಲ್ಲೇ ಸುತ್ತಿದವು. ಮಾತು ಕಡಿಮೆ. ಗಿರಾಕಿ ಹತ್ತು ಮಾತಾಡಿದರೆ ಇವರು ಒಂದು ‘ಹೂಂ’ ಅನ್ನುತ್ತಿದ್ದರು, ಅದೂ ಬಾಯಲ್ಲಿ ದಾರ ಕಚ್ಚಿಕೊಂಡು.

ದಿಗ್ಗೇವಾಡಿಯಲ್ಲಿ ರುದ್ರಪ್ಪಜ್ಜನವರ ಹಿಟ್ಟಿನ ಗಿರಣಿ. ಜೋಳ, ಗೋಧಿ ಒಂದು ಕಡೆ, ಖಾರ ಕುಟ್ಟುವುದು ಇನ್ನೊಂದು ಕಡೆ. ಆ ಗಿರಣಿಯ ಹತ್ತು ಎಚ್‌ಪಿ ಮೋಟಾರು ಸುಟ್ಟಿತು. ದಸ್ತಗೀರ ಸುತ್ತಿಕೊಟ್ಟರು. ಮತ್ತೆ ಸುಟ್ಟಿತು. ಮತ್ತೆ ಸುತ್ತಿಕೊಟ್ಟರು, ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ. ಅದೂ ಸುಟ್ಟಾಗ ಅಜ್ಜನವರ ತಾಳ್ಮೆ ಹೋಯಿತು, ಮೂರನೇ ಸಲ ಸುತ್ತಿಟ್ಟ ಮೋಟಾರನ್ನು ಒಯ್ಯಲೂ ಇಲ್ಲ. ಕುಡಚಿಯ ಸಂತೆಯಲ್ಲಿ ನಾಲ್ಕು ಜನರ ಮುಂದೆ ನಿಂತು, ಮಿಸ್ತ್ರಿ ಮೇಲೆ ದಪ್ಪ ತಂತಿ ಸುತ್ತಿ ಒಳಗೆ ತೆಳುವಾದದ್ದನ್ನು ತುಂಬುತ್ತಾನೆ ಎಂದುಬಿಟ್ಟರು. ಅಜ್ಜನವರಿಗೆ ಈ ಸಂಶಯ ಬರಲು ಕಾರಣವಿತ್ತು. ಅವರು ಮೆಣಸಿನಕಾಯಿ ಕೊಳ್ಳುವವರು. ಚೀಲದ ಬಾಯಲ್ಲಿ ಕೆಂಪಗೆ ಹೊಳೆಯುವ ಕಾಯಿಟ್ಟು ಹೊಟ್ಟೆಯಲ್ಲಿ ಬಿಳಿ ಕಾಯಿ ತುಂಬುವವರನ್ನು ಜೀವನವಿಡೀ ನೋಡಿದ್ದರು. ಮೋಟಾರನ್ನೂ ಒಂದು ಚೀಲ ಎಂದೇ ತಿಳಿದರು.

ಸಂತೆಯ ಮಾತು ಗಾಳಿಗಿಂತ ಮುಂದೆ ಓಡುತ್ತದೆ. ವಾರದೊಳಗೆ ಜನ ಅಂಗಡಿಯಲ್ಲಿ ಬಿಟ್ಟಿದ್ದ ಮೋಟಾರುಗಳನ್ನು ಸುತ್ತಿಸದೆಯೇ ಹೊತ್ತುಕೊಂಡು ಹೋದರು. ಊರ ಹಿರಿಯರು ಕೂಡಿ, ಬರುವ ಸಂತೆಯ ದಿನ ಮಿಸ್ತ್ರಿ ತನ್ನ ಅಂಗಡಿಯ ಮುಂದೆ ನಿಂತು, ತೆಳು ತಂತಿ ಹಾಕಿಲ್ಲ ಎಂದು ದೇವರ ಹೆಸರಿನಲ್ಲಿ ಆಣೆ ಮಾಡಲಿ ಎಂದು ತೀರ್ಮಾನ ಕೊಟ್ಟರು. ಮಾಡದಿದ್ದರೆ ಕಳ್ಳ. ದಸ್ತಗೀರ ಮಾಡಲು ತಯಾರಿದ್ದರು, ಆದರೆ ಅವರ ಹೆಂಡತಿ ಬಿಡಲಿಲ್ಲ. ಆಣೆ ಮಾಡಿದರೂ ಜನ, ತಪ್ಪು ಇದ್ದದ್ದಕ್ಕೇ ಆಣೆ ಮಾಡಿದ ಅಂತಾರೆ, ಎರಡೂ ಕಡೆ ಹೋಗುವುದು ನಮ್ಮ ಹೆಸರೇ ಎಂದಳಂತೆ. ಆ ಹೆಣ್ಣುಮಗಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ದಸ್ತಗೀರ ನನ್ನ ಕಚೇರಿಗೆ ಬಂದು ಬಾಗಿಲಲ್ಲೇ ನಿಂತರು. ಕೂಡಿ ಎಂದರೂ ಕೂಡಲಿಲ್ಲ.

‘ಬಾಯಾರ, ಮೋಟಾರ್ ಬಿಚ್ಚದ ಒಳಗಿನ ತಂತಿ ನೋಡಾಕ ಬರತೈತೇನ್ರಿ?’ ಎಂದು ಕೇಳಿದರು. ‘ಬಿಚ್ಚಿದ್ರ, ಬಿಚ್ಚಿ ಬದಲ ಮಾಡ್ಯಾನ ಅಂತಾರ.’

ಆ ಮನುಷ್ಯ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ. ಬರುತ್ತದೆ ಎಂದೆ.

ತಂತಿ ತೆಳುವಾದಷ್ಟೂ ರೆಸಿಸ್ಟೆನ್ಸ್ ಹೆಚ್ಚು. ಇಕ್ಕಟ್ಟಾದ ಓಣಿಯಲ್ಲಿ ಜಾತ್ರೆಯಾದ ಹಾಗೆ. ಆದರೆ ಮೋಟಾರಿನ ಸುರುಳಿಯ ರೆಸಿಸ್ಟೆನ್ಸ್ ಒಂದೆರಡು ಓಮ್ ಮಾತ್ರ, ಆಗ ನಮ್ಮ ಹತ್ತಿರವಿದ್ದ ಮೀಟರಿನ ಮುಳ್ಳು ಅಷ್ಟು ಸಣ್ಣದನ್ನು ಹಿಡಿಯುತ್ತಿರಲಿಲ್ಲ. ಅದಕ್ಕೆ ಅಂಗಡಿಯಲ್ಲೇ ಹಿರಿಯರನ್ನೂ ಅಜ್ಜನವರನ್ನೂ ಕೂಡಿಸಿ, ಹೊಸದಾಗಿ ಸುತ್ತಿದ ಮೋಟಾರನ್ನು ನಡುವೆ ಇಟ್ಟು, ಲಾರಿಯ ಬ್ಯಾಟರಿ, ಲಾರಿಯ ಹೆಡ್‌ಲೈಟ್ ಬಲ್ಬು ತರಿಸಿದೆ. ಬಲ್ಬಿನ ಮೂಲಕ ಸುರುಳಿಗೆ ಮೂರು ಆಂಪಿಯರ್ ಹರಿಸಿದೆ. ಸುರುಳಿಯ ಎರಡು ತುದಿಗಳ ನಡುವೆ ನಾಲ್ಕು ಪಾಯಿಂಟ್ ಎರಡು ವೋಲ್ಟು. ಭಾಗಿಸಿದರೆ ಒಂದು ಪಾಯಿಂಟ್ ನಾಲ್ಕು ಓಮ್. ಮೂರೂ ಸುರುಳಿಗಳಲ್ಲಿ ಅದೇ. ಆಮೇಲೆ, ಇನ್ನೂ ಕಂಪನಿಯ ಸೀಲು ಒಡೆಯದ ಅಷ್ಟೇ ದೊಡ್ಡ ಅದೇ ತರದ ಮೋಟಾರೊಂದನ್ನು ಒಬ್ಬ ದ್ರಾಕ್ಷಿ ತೋಟದವರಿಂದ ತರಿಸಿ ಅಳೆದೆ. ಅದರಲ್ಲೂ ಅಷ್ಟೇ ಬಂತು. ಒಳಗೆ ತೆಳು ತಂತಿ ಇದ್ದಿದ್ದರೆ ಈ ಲೆಕ್ಕ ಜಾಸ್ತಿ ಬರುತ್ತಿತ್ತು ಎಂದು ವಿವರಿಸಿದೆ. ಹಿರಿಯರು ‘ಬರೋಬರ್ ಐತಿ’ ಎಂದು ಗಂಭೀರವಾಗಿ ತಲೆಯಾಡಿಸಿದರು. ಲಾರಿಯವನು, ಇನ್ನಾದರೂ ನನ್ನ ಬ್ಯಾಟರಿ ಕೊಡಿ ಎಂದು ಗೋಗರೆಯುತ್ತಿದ್ದ.

ಅಜ್ಜನವರು ಮಾತ್ರ ಜಗ್ಗಲಿಲ್ಲ.

‘ಲೆಕ್ಕ ನಿಮ್ಮ ಪೆನ್ನಿನ್ಯಾಗ ಐತ್ರಿ ಬಾಯಾರ. ಮೋಟಾರ್ ನನ್ನ ಗಿರಣ್ಯಾಗ ಸುಡತೈತಿ’ ಎಂದು ಎದ್ದರು.

ಸಿಟ್ಟು ನೆತ್ತಿಗೇರಿತು. ಆದರೆ ಮೊಪೆಡ್ಡಿನ ಮೇಲೆ ವಾಪಸು ಬರುವಾಗ ಯೋಚಿಸಿದರೆ ಅಜ್ಜ ಹೇಳಿದ್ದರಲ್ಲಿ ಅರ್ಧ ಸರಿಯಿತ್ತು. ಮೋಟಾರು ಅಂಗಡಿಯಲ್ಲಿ ಸುಟ್ಟಿರಲಿಲ್ಲ, ಗಿರಣಿಯಲ್ಲೇ ಸುಟ್ಟಿತ್ತು. ಹಾಗಾದರೆ ಗಿರಣಿಯನ್ನು ಅಳೆಯಬೇಕು. ದೊಡ್ಡ ಸಾಹೇಬರಿಗೆ ಫೋನ್ ಮಾಡಿ ಅನುಮತಿ ಕೇಳಿದೆ. ಅವರು ಕೊಟ್ಟ ಸಲಹೆ ನಿಮಗೆ ಗೊತ್ತೇ ಇದೆ. ಮಾರನೆಯ ದಿನ ದಿಗ್ಗೇವಾಡಿಗೆ ಹೋಗಿ ನೋಡಿದರೆ, ಸಾಹೇಬರು ಅಜ್ಜನವರಿಗೂ ಫೋನ್ ಮಾಡಿ ಹೇಳಿಬಿಟ್ಟಿದ್ದರು. ಸೊಸೆಯಂದಿರು ಕೊಡ ಹೊತ್ತು ಹೊತ್ತು ಅರ್ಥಿಂಗ್ ಗುಂಡಿಯನ್ನು ಬಾವಿ ಮಾಡಿದ್ದರು, ಅದರೊಳಗೊಂದು ಕಪ್ಪೆ ಸಂಸಾರ ಹೂಡಿತ್ತು.

ಅಂಗಡಿಯಲ್ಲಿ ಅಳೆದ ಮೋಟಾರನ್ನೇ ತರಿಸಿ ಕೂಡಿಸಿ ಗಿರಣಿ ಚಾಲೂ ಮಾಡಿಸಿದೆ. ಮೋಟಾರಿಗೆ ಕರೆಂಟು ಮೂರು ತಂತಿಗಳಲ್ಲಿ ಬರುತ್ತದೆ, ಮೂರೂ ಸಮನಾಗಿ ಭಾರ ಹೊರಬೇಕು. ಮೂವರು ಹೊತ್ತ ಮೂಟೆಯಲ್ಲಿ ಒಬ್ಬ ಕೈಬಿಟ್ಟರೆ ಉಳಿದವರ ಸೊಂಟ ಮುರಿಯುತ್ತದೆ. ಕಂಬದಿಂದ ಬರುವ ವೋಲ್ಟೇಜು ಮೂರರಲ್ಲೂ ಸರಿಯಿತ್ತು. ಕರೆಂಟು ಅಳೆದರೆ ಒಂದರಲ್ಲಿ ಹದಿನೈದು ಆಂಪಿಯರ್, ಇನ್ನೊಂದರಲ್ಲಿ ಹದಿನಾರು, ನಡುವಿನದರಲ್ಲಿ ಹದಿನಾಲ್ಕು. ನಡುವಿನವನು ಕೆಲಸಗಳ್ಳ. ಸ್ಟಾರ್ಟರ್ ತೆರೆದೆ. ಹೆಚ್ಚು ಕರೆಂಟು ಹರಿದರೆ ಮೋಟಾರನ್ನು ತಾನಾಗಿ ನಿಲ್ಲಿಸುವ ಭಾಗವೊಂದು ಅದರಲ್ಲಿರುತ್ತದೆ. ಅದು ಘಳಿಗೆಗೊಮ್ಮೆ ಗಿರಣಿ ನಿಲ್ಲಿಸಿ ಕಿರಿಕಿರಿ ಮಾಡುತ್ತದೆ ಎಂದು ಬೆಂಕಿಕಡ್ಡಿ ತುರುಕಿ ಅದರ ಬಾಯಿ ಕಟ್ಟಿದ್ದರು. ನಮ್ಮ ಭಾಗದಲ್ಲಿ ಇದು ಮನೆಮನೆಯ ರೂಢಿ, ಬೈದು ಬೈದು ನನ್ನ ಬಾಯಿ ಸವೆದಿದೆ. ಆದರೆ ಬೆಂಕಿಕಡ್ಡಿ ಕಾವಲುಗಾರನನ್ನು ಮಲಗಿಸಿತ್ತು ಅಷ್ಟೇ. ಕಳ್ಳ ಬೇರೆ ಇದ್ದ.

ಆಗ ಬೆಕ್ಕು ಕಣ್ಣಿಗೆ ಬಿತ್ತು. ಗಿರಣಿಯ ಮೇನ್ ಸ್ವಿಚ್ಚು ಹಳೆಯ ಕಾಲದ ದೊಡ್ಡ ಕಬ್ಬಿಣದ ಪೆಟ್ಟಿಗೆ. ಅದರ ನೆತ್ತಿಯ ಮೇಲೆ ಬೂದು ಬಣ್ಣದ ಬೆಕ್ಕೊಂದು ನಾಲ್ಕೂ ಕಾಲು ಮಡಚಿ ಕಣ್ಣು ಮುಚ್ಚಿ ಕೂತಿತ್ತು. ಚಳಿಗಾಲ. ಮೆತ್ತಗಿನ ಜೋಳದ ಚೀಲಗಳು ಅಷ್ಟೊಂದು ಇರುವಾಗ ಇದಕ್ಕೆ ತಣ್ಣಗಿನ ಕಬ್ಬಿಣ ಯಾಕೆ ಬೇಕು ಎನಿಸಿತು. ಅಜ್ಜನವರನ್ನು ಕೇಳಿದರೆ, ಅದು ಗಿರಣಿ ಚಾಲೂ ಇರುವಾಗ ಮಾತ್ರ ಅಲ್ಲಿ ಕೂಡುತ್ತದೆ, ಲಕ್ಷ್ಮಿಯ ಲಕ್ಷಣ, ಎಬ್ಬಿಸಬಾರದು ಎಂದರು. ನಾನು ಬೆಕ್ಕಿನ ಪಕ್ಕ ಕೈಯಿಟ್ಟೆ. ಪೆಟ್ಟಿಗೆ ಒಲೆಯಿಂದಿಳಿಸಿ ಹೊತ್ತಾದ ರೊಟ್ಟಿಹಂಚಿನ ಹಾಗೆ ಬೆಚ್ಚಗಿತ್ತು. ಈಗ ಎಲ್ಲೆಲ್ಲಿ ಬಿಸಿಯಿದೆ ಎಂದು ದೂರದಿಂದಲೇ ತೋರಿಸುವ ಕ್ಯಾಮೆರಾ ನಿಮ್ಮ ಕೈಗೆ ಬಂದಿದೆ. ನನಗೆ ಆ ದಿನ ಸಿಕ್ಕಿದ್ದು ಬೆಕ್ಕು.

ಪೆಟ್ಟಿಗೆ ತೆರೆಯಬೇಕು ಎಂದೆ. ಅಜ್ಜನವರು ಅಡ್ಡ ಬಂದರು. ಚಪ್ಪಲಿ ಬಿಡಬೇಕು, ಮಣೆಯ ಮೇಲೆ ನಿಲ್ಲಬೇಕು, ಅದು ದೇವರ ಜಾಗ ಎಂದರು. ಸರಿ ಎಂದು ಚಪ್ಪಲಿ ಬಿಟ್ಟು ಮಣೆ ಹತ್ತಿದೆ. ಗಿರಣಿ ಓಡುತ್ತಿದ್ದಾಗಲೇ ಮುಚ್ಚಳ ತೆರೆದೆ. ಹಾಗೆ ತೆರೆಯಬಾರದೆಂದೇ ಇರುವ ಕೊಂಡಿ ಎಂದೋ ಮುರಿದಿತ್ತು. ನೀವು ಹೀಗೆ ಮಾಡಬೇಡಿ. ಒಳಗೆ ಮೂರು ತಾಮ್ರದ ಪಟ್ಟಿಗಳು, ಪ್ರತಿಯೊಂದೂ ತನ್ನ ಕಚ್ಚಿನೊಳಗೆ ಕಚ್ಚಿ ಕೂತಿರಬೇಕು. ಮೂರು ಪಟ್ಟಿಗಳ ಮೇಲೂ ಒದ್ದೆ ಭಸ್ಮದ ಮೂರು ಮೂರು ಗೆರೆಗಳು, ಒಂದರ ಮೇಲೊಂದು, ವರ್ಷಗಳ ಪದರು. ನಡುವಿನ ಪಟ್ಟಿ ಹಿರಿಯ ದೇವರಂತೆ. ಅದಕ್ಕೆ ಕುಂಕುಮವೂ ಇತ್ತು, ಕಚ್ಚಿನೊಳಗೆ ಅಕ್ಷತೆಯ ಕಾಳುಗಳೂ ಸಿಕ್ಕಿಕೊಂಡಿದ್ದವು.

ಪ್ರತಿ ಅಮಾವಾಸ್ಯೆಗೆ ಅಜ್ಜನವರು ಹ್ಯಾಂಡಲ್ ಕೆಳಗಿಳಿಸಿ, ಮಡಿಯುಟ್ಟು, ಮಣೆಯ ಮೇಲೆ ನಿಂತು, ಪೆಟ್ಟಿಗೆಯೊಳಗೆ ಕೈಹಾಕಿ ಪೂಜೆ ಮಾಡುತ್ತಿದ್ದರು. ಹ್ಯಾಂಡಲ್ ಇಳಿಸಿದರೂ ಕಂಬದ ಕಡೆಯ ಕಚ್ಚುಗಳಲ್ಲಿ ಕರೆಂಟು ಹಾಗೇ ಇರುತ್ತದೆ. ಒಂದು ಬೆರಳು ಅತ್ತ ಜಾರಿದ್ದರೆ ಅಜ್ಜನವರ ತಿಥಿಯೂಟವನ್ನು ನಾವು ಎಂದೋ ಉಂಡಿರುತ್ತಿದ್ದೆವು. ಹೊರಗೆ ಹಚ್ಚಿದರೆ ಸಾಲದೇ ಎಂದು ಕೇಳಿದರೆ, ‘ಬಾಗಿಲಿಗೆ ಹಚ್ಚಿದ್ರ ಒಳಗ ಕುಂತಾವಂಗ ಮುಟ್ಟತೈತೇನ್ರಿ?’ ಎಂದು ನನಗೇ ತಿರುಗಿ ಕೇಳಿದರು.

ನಡುವಿನ ಪಟ್ಟಿಯ ಆಚೆ ಈಚೆ ಮೀಟರಿನ ಎರಡು ಕಡ್ಡಿಗಳನ್ನಿಟ್ಟೆ. ಅಲ್ಲಿ ಮುಳ್ಳು ಅಲ್ಲಾಡಲೇಬಾರದು. ಏಳು ವೋಲ್ಟು ತೋರಿಸಿತು. ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದೆ. ಏಳನ್ನು ಹದಿನಾಲ್ಕರಿಂದ ಭಾಗಿಸಿದರೆ ಅರ್ಧ ಓಮ್. ಏಳನ್ನು ಹದಿನಾಲ್ಕರಿಂದ ಗುಣಿಸಿದರೆ ತೊಂಬತ್ತೆಂಟು ವಾಟು. ಅಂದರೆ ಆ ಪೆಟ್ಟಿಗೆಯೊಳಗೆ ನೂರರ ಬಲ್ಬೊಂದನ್ನು ಹಚ್ಚಿಟ್ಟು ಮುಚ್ಚಳ ಹಾಕಿದ ಹಾಗೆ. ಬಿಸಿಗೆ ಕಚ್ಚು ಸಡಿಲಾಗಿ ಆಗಾಗ ಪೂರ್ತಿ ಕೈಬಿಡುತ್ತಿತ್ತು. ಆಗ ಮೋಟಾರು ಎರಡೇ ತಂತಿಯ ಮೇಲೆ ನರಳುತ್ತಾ ಓಡಿ ಸುಡುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಬರೆ ಬಿದ್ದದ್ದು ಮಿಸ್ತ್ರಿಗೆ.

ಇದನ್ನು ಹೇಗೆ ಹೇಳುವುದು? ಅಜ್ಜನವರ ಹಣೆಯ ಮೇಲೂ ಅವೇ ಮೂರು ಗೆರೆಗಳಿದ್ದವು.

‘ಅಜ್ಜಾರ, ದೇವರಿಗೆ ಭಸ್ಮ ಹಚ್ಚಿದ್ದು ತಪ್ಪಲ್ರಿ’ ಎಂದೆ. ‘ಕರೆಂಟ್ ಹೋಗೋ ಹಾದ್ಯಾಗ ಹಚ್ಚೀರಿ. ಅದಕ್ಕ ದಾಟಾಕ ಆಗವಲ್ತು.’

‘ಚಿಟಿಕಿ ಭಸ್ಮಕ್ಕ ಅಷ್ಟ ದೊಡ್ಡ ಮೋಟಾರ್ ಸುಡತೈತೇನ್ರಿ?’

ಅವರು ಗೋಡೆಯ ಲೆಕ್ಕವನ್ನು ನೋಡಿದರು, ನನ್ನನ್ನು ನೋಡಿದರು, ನಂಬಲಿಲ್ಲ. ನಾನು ವಾದ ಮಾಡಲಿಲ್ಲ. ಲೈನ್‌ಮನ್ನಿಗೆ ಹೇಳಿ ಕಂಬದಲ್ಲೇ ಫ್ಯೂಸು ತೆಗೆಸಿ, ಅಜ್ಜನವರ ಎದುರೇ ಭಸ್ಮ, ಕುಂಕುಮ, ಅಕ್ಷತೆ ಎಲ್ಲವನ್ನೂ ಬಾಳೆಲೆಯ ಮೇಲೆ ಇಳಿಸಿದೆ. ನೆಲಕ್ಕೆ ಬೀಳಿಸಿದ್ದರೆ ಅಲ್ಲಿಂದ ಜೀವಂತ ಬರುತ್ತಿರಲಿಲ್ಲ. ತಾಮ್ರವನ್ನು ಪಾಲಿಶ್ ಪೇಪರಿನಿಂದ ಉಜ್ಜಿ ಹೊಳಪು ಬರಿಸಿ, ಕಚ್ಚುಗಳನ್ನು ಬಿಗಿ ಮಾಡಿ, ಬೆಂಕಿಕಡ್ಡಿ ಕಿತ್ತು ಬಿಸಾಕಿ, ಗಿರಣಿ ಚಾಲೂ ಮಾಡಿಸಿದೆ. ಮೂರೂ ತಂತಿಗಳಲ್ಲಿ ಹದಿನೈದು. ಪಟ್ಟಿಯ ಆಚೆ ಈಚೆ ಮುಳ್ಳು ಅಲ್ಲಾಡಲಿಲ್ಲ. ಅಜ್ಜನವರು ನನ್ನ ಮೀಟರಿನ ಕಡೆ ಕಣ್ಣೆತ್ತಿಯೂ ನೋಡದೆ ಜೋಳದ ಚೀಲದ ಮೇಲೆ ಮುಖ ಬಿಗಿದು ಕೂತರು.

ಮಧ್ಯಾಹ್ನ ಕಳೆಯಿತು. ಬೆಕ್ಕು ಎಲ್ಲಿಂದಲೋ ಬಂದು ತನ್ನ ಜಾಗಕ್ಕೆ ಹಾರಿತು. ಸ್ವಲ್ಪ ಹೊತ್ತು ಕೂತಿತು, ಎದ್ದಿತು, ಸುತ್ತಿ ಇನ್ನೊಂದು ಮಗ್ಗುಲಾಗಿ ಕೂತಿತು. ಮತ್ತೆ ಎದ್ದು ನನ್ನ ಕಡೆ ಒಂದು ಕೆಟ್ಟ ನೋಟ ಬೀರಿ, ಕೆಳಗೆ ಧುಮುಕಿ, ಅಜ್ಜನವರ ತೊಡೆಯ ಮೇಲೆ ಹೋಗಿ ಮಲಗಿತು. ಗಿರಣಿ ಭರ್ರೆಂದು ಓಡುತ್ತಲೇ ಇತ್ತು. ಅಜ್ಜನವರು ಬೆಕ್ಕನ್ನೇ ನೋಡುತ್ತಾ ಕೂತರು. ಆಮೇಲೆ ಎದ್ದು ಹೋಗಿ ಪೆಟ್ಟಿಗೆಯ ನೆತ್ತಿಯ ಮೇಲೆ ಅಂಗೈ ಇಟ್ಟರು. ಅದು ತಣ್ಣಗಿತ್ತು. ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. ನನ್ನ ಲೆಕ್ಕಕ್ಕೆ ಬಗ್ಗದ ಮನುಷ್ಯ ಬೆಕ್ಕಿನ ಲೆಕ್ಕಕ್ಕೆ ಬಗ್ಗಿದರು. ನನಗೆ ನಗು ಬಂತು, ಸಿಟ್ಟೂ ಬಂತು. ಅವರು ಒಳಗೆ ಹೋದರು.

ಸಂತೆಯ ದಿನ ಬಂತು. ದಸ್ತಗೀರ ಬಿಳಿ ಟೊಪ್ಪಿಗೆ ಹಾಕಿಕೊಂಡು ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದರು. ಹಿರಿಯರು ಬಂದಿದ್ದರು, ತಮಾಷೆ ನೋಡಲು ಅರ್ಧ ಸಂತೆಯೂ ಬಂದಿತ್ತು. ನಾನು ಎಲ್ಲವನ್ನೂ ಹಿರಿಯರಿಗೆ ಹೇಳಿದ್ದೆ, ಆದರೆ ಮಾತು ಎಬ್ಬಿಸಿದವರೇ ಬಂದು ಇಳಿಸದಿದ್ದರೆ ಅದು ಇಳಿಯುವುದಿಲ್ಲ. ಅಜ್ಜನವರ ಸುಳಿವಿರಲಿಲ್ಲ. ದಸ್ತಗೀರರ ಹೆಂಡತಿ ಬಾಗಿಲ ಪರದೆಯ ಹಿಂದೆ ನಿಂತಿದ್ದಳು. ಹಿರಿಯರೊಬ್ಬರು, ಹೊತ್ತಾಯಿತು, ಮುಗಿಸಿಬಿಡು ಮಿಸ್ತ್ರಿ ಎಂದರು. ದಸ್ತಗೀರ ಕೈ ಎತ್ತಿದರು.

ಅಷ್ಟರಲ್ಲಿ ಗುಂಪನ್ನು ಸರಿಸಿಕೊಂಡು ರುದ್ರಪ್ಪಜ್ಜ ಬಂದರು. ಕಟ್ಟೆ ಹತ್ತಿದರು. ಎತ್ತಿದ್ದ ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಕೆಳಗಿಳಿಸಿದರು.

‘ಆಣಿ ಬ್ಯಾಡ’ ಎಂದರು, ಸಂತೆಗೆಲ್ಲ ಕೇಳುವಂತೆ. ‘ಮೋಟಾರ್ ಸುಟ್ಟಾವ ಇಂವ ಅಲ್ಲ. ನಾನು.’

ದಸ್ತಗೀರ ತಲೆ ಬಗ್ಗಿಸಿ ತಮ್ಮ ಕೈಯನ್ನು ಹಿಡಿದಿದ್ದ ಆ ಮುದಿ ಕೈಯನ್ನು ನೋಡುತ್ತಿದ್ದರು. ಕಣ್ಣು ತುಂಬಿದ್ದವು. ಏನಾದರೂ ಅನ್ನಬೇಕಿತ್ತು, ಈ ಮನುಷ್ಯನಿಗೆ ಮೊದಲೇ ಮಾತು ಕಡಿಮೆ. ಮೆಲ್ಲಗೆ ಹೇಳಿದರು:

‘ಅಜ್ಜಾರ, ನಾಡದ ಅಮಾಸಿ ಐತ್ರಿ. ಪೂಜಾ ಆದಮ್ಯಾಲ ತಿಕ್ಕಾಕ ಪಾಲಿಶ್ ಪೇಪರ್ ತಗೊಂಡ ಬರ್ತೇನಿ. ನಾ ಬರೂತನಾ ಪೂಜಾ ತಡೀರಿ.’